ಮರಳಿ ಬರುವ ಪಾತ್ರೆ: ತರಗುಪೇಟೆಯ ಗೋಣಿ ಹೇಳುವ ಪಾಠ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ತರಗುಪೇಟೆ. ಬೆಳಗಿನ ಹೊತ್ತು ಇಲ್ಲಿ ನಡೆಯುವವರು ಒಂದು ಕಣ್ಣನ್ನು ನೆಲದ ಮೇಲೂ ಇನ್ನೊಂದನ್ನು ಬೆನ್ನ ಹಿಂದೆಯೂ ಇಟ್ಟಿರಬೇಕು. ಒಂದು ಕಡೆಯಿಂದ ತಳ್ಳುಗಾಡಿ, ಇನ್ನೊಂದು ಕಡೆಯಿಂದ ಮೂಟೆ ಹೊತ್ತ ಹಮಾಲಿ, ನಡುವೆ ಹಿಂದಕ್ಕೂ ಮುಂದಕ್ಕೂ ಹೋಗಲಾರದೆ ನಿಂತ ಲಾರಿ. ಬೆಲ್ಲದ ಸಿಹಿ ವಾಸನೆಯ ಹಿಂದೆಯೇ ಒಣಮೆಣಸಿನಕಾಯಿಯ ಘಾಟು. ಇಷ್ಟೆಲ್ಲದರ ನಡುವೆ ಸ್ವಲ್ಪ ನಿಂತು ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಇಲ್ಲಿ ಬೆಲೆ ಇರುವುದು ದವಸಕ್ಕೆ ಮಾತ್ರವಲ್ಲ. ದವಸ ತುಂಬಿಕೊಂಡು ಬಂದ ಚೀಲಕ್ಕೂ ಬೆಲೆ ಉಂಟು, ಎಣ್ಣೆ ತುಂಬಿಕೊಂಡು ಬಂದ ಡಬ್ಬಕ್ಕೂ ಬೆಲೆ ಉಂಟು. ಖಾಲಿಯಾದ ಮಾತ್ರಕ್ಕೆ ಪಾತ್ರೆಯನ್ನು ಎಸೆಯುವ ಪದ್ಧತಿ ಈ ಪೇಟೆಗೆ ಹುಟ್ಟಿನಿಂದ ಬಂದದ್ದಲ್ಲ.

'ತರಗು' ಎಂದರೆ ಒಣಗಿ ಉದುರಿದ ಎಲೆ ಎಂಬ ಅರ್ಥ ಎಲ್ಲರಿಗೂ ಗೊತ್ತು. ಆದರೆ ಹಳೆಯ ಕನ್ನಡದ ವ್ಯಾಪಾರದ ಮಾತಿನಲ್ಲಿ ತರಗು ಎಂದರೆ ದಲ್ಲಾಳಿ, ಅಂದರೆ ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತವನು ಪಡೆಯುವ ಕಾಸು. ದವಸದ ದಲ್ಲಾಳಿಗಳ ಪೇಟೆಯೇ ತರಗುಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿನಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳೆಂದು ಕಸುಬಿಗೊಂದು ಬೀದಿ ಬೆಳೆದ ಕ್ರಮದಲ್ಲೇ ಇದೂ ಬೆಳೆಯಿತು.

ಇಂದು ನಮ್ಮ ಅಡುಗೆಮನೆಯ ಗೂಡುಗಳನ್ನು ಆಳುತ್ತಿರುವುದು ಪ್ಲಾಸ್ಟಿಕ್ ಡಬ್ಬಿ. ಅದನ್ನು ಹತ್ತಾರು ವರ್ಷ ಬಳಸುವಂತೆಯೂ, ಕೊನೆಗೊಮ್ಮೆ ಕರಗಿಸಿ ಹೊಸದು ಮಾಡುವಂತೆಯೂ ರೂಪಿಸುವುದು ಹೇಗೆ ಎಂದು ಜಗತ್ತಿನ ತಂತ್ರಜ್ಞರು ತಲೆ ಕೆಡಿಸಿಕೊಂಡಿದ್ದಾರೆ. ಈ ಪ್ರಶ್ನೆಗೆ ಉತ್ತರದ ಅರ್ಧ ಭಾಗ ತರಗುಪೇಟೆಯ ಚರಿತ್ರೆಯಲ್ಲೇ ಇದೆ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ಅಳತೆಯೇ ಪಾತ್ರೆ

ತೂಕದ ತಕ್ಕಡಿ ಎಲ್ಲ ಕಡೆ ಬರುವ ಮೊದಲು ನಮ್ಮಲ್ಲಿ ದವಸವನ್ನು ಅಳೆದು ಕೊಡುತ್ತಿದ್ದರು. ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ, ಖಂಡುಗ ಇವೆಲ್ಲ ಲೆಕ್ಕದ ಹೆಸರುಗಳಾಗಿದ್ದವು. ಇವುಗಳಲ್ಲಿ ಪಾವಿನಿಂದ ಕೊಳಗದವರೆಗಿನವು ಕೈಯಲ್ಲಿ ಹಿಡಿಯುವ ಪಾತ್ರೆಗಳೂ ಆಗಿದ್ದವು. ಹಳೇ ಮೈಸೂರು ಸೀಮೆಯಲ್ಲಿ ನೂರು ಸೇರಿಗೆ ಒಂದು ಪಲ್ಲ. ಪಾತ್ರೆಯ ಬಾಯಿ, ಹೊಟ್ಟೆ, ಎತ್ತರ ಎಲ್ಲರಿಗೂ ತಿಳಿದ ಒಂದು ಮಟ್ಟಕ್ಕೆ ಒಳಪಟ್ಟಿದ್ದರಿಂದ ಒಬ್ಬರ ಮನೆಯ ಸೇರು ಇನ್ನೊಬ್ಬರ ಮನೆಯಲ್ಲಿಯೂ ಸೇರೇ ಆಗಿತ್ತು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1958ರಿಂದ ಹಂತ ಹಂತವಾಗಿ ಕಿಲೋಗ್ರಾಂ, ಲೀಟರುಗಳು ಜಾರಿಯಾದ ಮೇಲೆ ಈ ಅಳತೆಗಳು ವ್ಯಾಪಾರದಿಂದ ಮರೆಯಾದವು. ಆದರೂ ಅನೇಕ ಮನೆಗಳ ಅಕ್ಕಿ ಡಬ್ಬದೊಳಗೆ ಒಂದು ಪಾವು ಇನ್ನೂ ಮಲಗಿರುತ್ತದೆ.

ಮನೆಯಲ್ಲಿ ದವಸ ಕೂಡಿಡಲು ಮಣ್ಣಿನ ವಾಡೆ, ಬಿದಿರು ಹೆಣೆದು ಸಗಣಿ ಸಾರಿಸಿದ ಕಣಜ ಇದ್ದವು. ರಾಗಿಯನ್ನು ವರ್ಷಗಟ್ಟಲೆ ಇಡಬೇಕಾದರೆ ನೆಲದೊಳಗಿನ ಹಗೇವು ಇತ್ತು. ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಬೇಕಾದರೆ ಮಾತ್ರ ಗೋಣಿಯೇ ಬೇಕು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಈ ಸೀಮೆಯ ಬೆಳೆ, ಕಸುಬು, ಸಂತೆಗಳ ವಿವರವನ್ನು ಬರೆದಿಟ್ಟಿದ್ದಾನೆ. ಜನುಪದ ನಾರಿನಿಂದ ಗೋಣಿ ನೇಯುವವರ ಮಾತೂ ಅದರಲ್ಲಿ ಬರುತ್ತದೆ. ಎತ್ತಿನ ಬೆನ್ನಿನ ಮೇಲೆ ಎರಡೂ ಬದಿಗೆ ತೂಗುವಂತೆ ಹೇರಿದ ಗೋಣಿಗಳಲ್ಲೇ ಅಂದಿನ ದವಸ, ಉಪ್ಪು ಸಾಗುತ್ತಿದ್ದವು. ಇಂಗ್ಲಿಷಿನವರು ಚೀಲಕ್ಕೆ 'ಗನ್ನಿ' ಎಂದದ್ದು ಈ ಗೋಣಿಯಿಂದಲೇ. ಬಂಗಾಳದ ಸೆಣಬಿನ ಗಿರಣಿಗಳು ಎದ್ದ ಮೇಲೆ ಜನುಪದ ಗೋಣಿಯ ಜಾಗಕ್ಕೆ ಸೆಣಬಿನ ಗೋಣಿ ಬಂತು. ಹೆಸರು ಮಾತ್ರ ಉಳಿಯಿತು.

ಗೋಣಿಯ ಬಾಳನ್ನು ಒಮ್ಮೆ ನೆನಪಿಸಿಕೊಳ್ಳಿ. ಮೊದಲು ಅಕ್ಕಿಗೆ. ಸ್ವಲ್ಪ ಸವೆದ ಮೇಲೆ ಹಿಂಡಿ, ಬೂಸಾಕ್ಕೆ. ತೂತು ಬಿದ್ದರೆ ದಬ್ಬಳ ಮತ್ತು ಸೆಣಬಿನ ದಾರದಿಂದ ಹೊಲಿಗೆ. ಹೊಲಿಗೆಯೂ ನಿಲ್ಲದಾದಾಗ ಬಾಗಿಲ ಬಳಿಯ ಕಾಲೊರಸು, ಮಳೆಗಾಲದಲ್ಲಿ ಹೊಲಕ್ಕೆ ಹೋಗುವವನ ಗೊಪ್ಪೆ, ಚಳಿಗಾಲದಲ್ಲಿ ಎತ್ತಿನ ಬೆನ್ನಿನ ಹೊದಿಕೆ. ಕಡೆಗೆ ತಿಪ್ಪೆ ಸೇರಿ ಗೊಬ್ಬರ. ಇದಕ್ಕೆಲ್ಲ ಯಾರೂ ಯೋಜನೆ ಹಾಕಿರಲಿಲ್ಲ. ಗೋಣಿ ಒಂದೇ ವಸ್ತುವಿನಿಂದ ಆದದ್ದು, ಅದನ್ನು ರಿಪೇರಿ ಮಾಡುವ ಬಗೆ ಎಲ್ಲರಿಗೂ ಗೊತ್ತಿತ್ತು, ಹಳೆಯದಾದರೂ ಕೊಳ್ಳುವವನಿದ್ದ. ಈ ಮೂರು ಕಾರಣಗಳಿಂದಲೇ ಅದು ಮರಳಿ ಮರಳಿ ಬರುತ್ತಿತ್ತು.

ಸೀಮೆಎಣ್ಣೆಯ ಡಬ್ಬ, ಹೆಸರು ಕೆತ್ತಿದ ಬಿಂದಿಗೆ

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ರೈಲಿನ ಕಾಲದಲ್ಲಿ ಪೇಟೆಗೆ ಬಂದ ಹೊಸ ಅತಿಥಿ ಸೀಮೆಎಣ್ಣೆ. ಅದರ ಜೊತೆ ಬಂದದ್ದು ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯುವ ಚೌಕಾಕಾರದ ತಗಡಿನ ಡಬ್ಬ. 1905ರ ಆಗಸ್ಟ್ 5ರಂದು ಇದೇ ಮಾರುಕಟ್ಟೆಯ ಬಳಿ ವಿದ್ಯುತ್ತಿನ ಬೀದಿ ದೀಪ ಹೊತ್ತಿತು. ಬುಡ್ಡಿ, ಕಂದೀಲುಗಳ ಕಾಲ ನಿಧಾನವಾಗಿ ಹಿಂದೆ ಸರಿಯಿತು. ಆದರೆ ಡಬ್ಬ ಸರಿಯಲಿಲ್ಲ. ಅದಕ್ಕೊಂದು ಮರದ ಹಿಡಿ ಬಡಿದರೆ ನೀರು ಸೇದುವ ಪಾತ್ರೆ, ಮುಚ್ಚಳ ಕೂಡಿಸಿದರೆ ಅಕ್ಕಿಯ ಡಬ್ಬ, ಬಿಚ್ಚಿ ಹರಡಿದರೆ ಗುಡಿಸಲಿನ ಮಾಡಿಗೆ ತಗಡು. ಅಡುಗೆ ಎಣ್ಣೆಯ ವ್ಯಾಪಾರಿಗಳು ಅದೇ ಆಕಾರವನ್ನು ಉಳಿಸಿಕೊಂಡರು. ಇಂದಿಗೂ ತರಗುಪೇಟೆಯಲ್ಲಿ ಎಣ್ಣೆಯ ಚೌಕ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿರುವುದನ್ನು ಕಾಣಬಹುದು.

ಇನ್ನು ಹಿತ್ತಾಳೆ, ತಾಮ್ರದ ಪಾತ್ರೆಗಳ ಕಥೆ. ಮದುವೆಯಲ್ಲಿ ಬಂದ ಬಿಂದಿಗೆ, ಕೊಳದಪ್ಪಲೆ, ಚೆಂಬುಗಳ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಕೆತ್ತಿಸುವುದು ವಾಡಿಕೆ. ಪಾತ್ರೆ ಜಜ್ಜಿಹೋದರೆ ತಟ್ಟಿಸುತ್ತಿದ್ದರು, ಕಲಾಯಿ ಹೋದರೆ ಹಾಕಿಸುತ್ತಿದ್ದರು. ಅದೂ ಆಗದಿದ್ದರೆ ಪಾತ್ರೆ ಅಂಗಡಿಗೆ ಒಯ್ದು, ಹಳೆಯದನ್ನು ತೂಕಕ್ಕೆ ಕೊಟ್ಟು ಮೇಲೆ ಒಂದಿಷ್ಟು ಹಣ ಸೇರಿಸಿ ಹೊಸದನ್ನು ತರುತ್ತಿದ್ದರು. ಅಂಗಡಿಯವನಿಗೆ ಅದು ಹಿತ್ತಾಳೆಯೋ ತಾಮ್ರವೋ ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಬಿಂದಿಗೆಗೆ ಬೇರೆ ಲೋಹದ ತಳ, ಮತ್ತೊಂದು ಲೋಹದ ಕಂಠ, ಒಳಗೊಂದು ರಬ್ಬರಿನ ಉಂಗುರ ಇರುತ್ತಿರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಪ್ಲಾಸ್ಟಿಕ್ ಡಬ್ಬಿ ಎಡವುವುದು ಇಲ್ಲಿಯೇ.

ಪ್ಲಾಸ್ಟಿಕ್ ಬಂದ ಬಗೆ

ಪ್ಲಾಸ್ಟಿಕ್ ಎನ್ನುವುದು ಒಂದೇ ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಅದರಲ್ಲಿ ಎರಡು ಪಂಗಡ. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟಿನಂಥವು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಹಳೆಯ ಕಾಲದ ಕಪ್ಪು ವಿದ್ಯುತ್ ಸ್ವಿಚ್ಚುಗಳು, ಈಗಿನ ಮೆಲಮೈನ್ ತಟ್ಟೆಗಳು ಈ ಪಂಗಡದವು. ಇನ್ನೊಂದು ಪಂಗಡ ಕಾಯಿಸಿದರೆ ಮೆತ್ತಗಾಗಿ ಹರಿಯುತ್ತದೆ, ತಣಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಹರಿಯುತ್ತದೆ. ನಮ್ಮ ಬಕೆಟ್ಟು, ಕೊಡ, ಡಬ್ಬಿಗಳೆಲ್ಲ ಹೆಚ್ಚಾಗಿ ಈ ಎರಡನೆಯ ಪಂಗಡಕ್ಕೆ ಸೇರಿದವು. ಬಿರುಕು ಬಿಟ್ಟ ಬಕೆಟ್ಟಿಗೆ ಕಾದ ಕಬ್ಬಿಣದ ಪಟ್ಟಿ ಒತ್ತಿ ಬೆಸೆದು ಕೊಡುವ ಬೀದಿ ರಿಪೇರಿಯವನ ವಿದ್ಯೆ ನಿಂತಿರುವುದು ಇದೇ ಗುಣದ ಮೇಲೆ.

1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಶಾಲೆಯಲ್ಲಿ ಪಾಲಿಥೀನ್ ಆಕಸ್ಮಿಕವಾಗಿ ದೊರಕಿತು. ಅದು ಮೆತ್ತನೆಯ ಜಾತಿ. ಯುದ್ಧ ಮುಗಿದೊಡನೆ ಅಮೆರಿಕದ ಅರ್ಲ್ ಟಪ್ಪರ್ ಅದರಿಂದ ಗಾಳಿಯಾಡದ ಮುಚ್ಚಳದ ಡಬ್ಬಿಗಳನ್ನು ಮಾಡಿ ಮಾರಿದ. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಡಿಮೆ ಒತ್ತಡದಲ್ಲಿ ಗಟ್ಟಿ ಪಾಲಿಥೀನ್ ತಯಾರಿಸುವ ದಾರಿ ಕಂಡ. ಮರುವರ್ಷ ಇಟಲಿಯ ಜೂಲಿಯೊ ನಟ್ಟಾ ಅದೇ ದಾರಿಯಲ್ಲಿ ಪಾಲಿಪ್ರೊಪಿಲೀನ್ ಮಾಡಿದ. 1963ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಇವರಿಬ್ಬರಿಗೆ ಹಂಚಿಕೆಯಾಯಿತು. ಅದೇ ಕಾಲದಲ್ಲಿ ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯೂ ಗಟ್ಟಿ ಪಾಲಿಥೀನ್ ತಯಾರಿಸಿತ್ತು. ಮೊದಲಿಗೆ ಕೊಳ್ಳುವವರಿಲ್ಲದೆ ಉಗ್ರಾಣದಲ್ಲಿ ಉಳಿದಿದ್ದ ಆ ಮಾಲು, 1958ರಲ್ಲಿ ಮಕ್ಕಳು ಸೊಂಟಕ್ಕೆ ಹಾಕಿ ತಿರುಗಿಸುವ ಹುಲಾ ಹೂಪ್ ಬಳೆಯ ಹುಚ್ಚು ಹಬ್ಬಿದಾಗ ಖಾಲಿಯಾಯಿತು. ಒಂದು ಆಟಿಕೆ ಒಂದು ಉದ್ಯಮವನ್ನೇ ದಡ ಸೇರಿಸಿತು.

ನಮ್ಮ ದೇಶದಲ್ಲಿ 1969ರಲ್ಲಿ ಬರೋಡದಲ್ಲಿ ಇಂಡಿಯನ್ ಪೆಟ್ರೊಕೆಮಿಕಲ್ಸ್ ಎಂಬ ಸರ್ಕಾರಿ ಸಂಸ್ಥೆ ಸ್ಥಾಪನೆಯಾಯಿತು. ಸ್ವದೇಶದಲ್ಲೇ ಕಾಳು ಸಿಗತೊಡಗಿದ ಮೇಲೆ ಪ್ಲಾಸ್ಟಿಕ್ ಸಾಮಾನು ಊರೂರಿಗೆ ಹರಡಿತು. ಕಾಳು ಎಂದರೆ ಕಾರ್ಖಾನೆಯಿಂದ ಚೀಲದಲ್ಲಿ ಬರುವ ಪ್ಲಾಸ್ಟಿಕ್ಕಿನ ಹರಳು. ರಾಗಿ ಕಾಳಿನ ಪೇಟೆಯ ಮಗ್ಗುಲಲ್ಲೇ ಈ ಹೊಸ ಕಾಳು ಕರಗಿಸಿ ಮಾಡಿದ ಸಾಮಾನುಗಳ ಅಂಗಡಿಗಳೂ ತಲೆ ಎತ್ತಿದವು.

ನಲ್ಲಿಯ ಮುಂದೆ ಸಾಲಾಗಿ ನಿಂತ ಕೊಡಗಳಲ್ಲಿ ಹಿತ್ತಾಳೆಯ ಹೊಳಪು ಕಡಿಮೆಯಾಗಿ ಕೆಂಪು, ಹಸಿರು, ನೀಲಿ ಬಣ್ಣಗಳು ಕಾಣಿಸಿಕೊಂಡವು. ಈ ಪ್ಲಾಸ್ಟಿಕ್ ಕೊಡವನ್ನು ಲೇವಡಿ ಮಾಡುವವರುಂಟು. ಆದರೆ ಅದನ್ನು ರೂಪಿಸಿದವರ ಜಾಣ್ಮೆಯನ್ನು ಮೆಚ್ಚಲೇಬೇಕು. ಸೊಂಟದ ಮೇಲೆ ಕೂರುವ ಹಿತ್ತಾಳೆ ಬಿಂದಿಗೆಯ ಆಕಾರವನ್ನೇ ಅದು ಉಳಿಸಿಕೊಂಡಿತು. ತೂಕವನ್ನು ಮಾತ್ರ ಇಳಿಸಿತು. ಮೈಲಿಗಟ್ಟಲೆ ನೀರು ಹೊರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ. ಕೊಡಕ್ಕೆ ಮುಚ್ಚಳವಿಲ್ಲ, ಅಂಟಿಸಿದ ಚೀಟಿ ಇಲ್ಲ, ಮೊಳೆ ಇಲ್ಲ, ಸ್ಪ್ರಿಂಗ್ ಇಲ್ಲ. ಬಾಯಿಂದ ತಳದವರೆಗೆ ಒಂದೇ ಪ್ಲಾಸ್ಟಿಕ್. ಒಡೆದ ಕೊಡವನ್ನು ಗುಜರಿಯವನು ಕಣ್ಣು ಮುಚ್ಚಿ ಕೊಳ್ಳುತ್ತಾನೆ. ಹಳೇ ಕೊಡಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಕಡಲೆಕಾಯಿ ಅಳೆದು ಕೊಡುವ ಗಾಡಿಯವನ ಕೂಗನ್ನು ಕೇಳದ ಬಡಾವಣೆ ಯಾವುದು?

ಗುಜರಿಯವನ ಪರೀಕ್ಷೆ

ಹಾಗಾದರೆ ತೊಂದರೆ ಎಲ್ಲಿ? ಇದನ್ನು ತಿಳಿಯಲು ಪೇಟೆಯೊಳಗಿನ ಜಾಲಿ ಮೊಹಲ್ಲಾಕ್ಕೆ, ಅಲ್ಲಿಂದ ಮೈಸೂರು ರಸ್ತೆಯ ನಾಯಂಡಹಳ್ಳಿಗೆ ಹೋಗಬೇಕು. ಜಾಲಿ ಮೊಹಲ್ಲಾ ಹಳೇ ಕಾಗದ, ಲೋಹ, ಪ್ಲಾಸ್ಟಿಕ್‌ಗಳ ಸಗಟು ವ್ಯಾಪಾರಕ್ಕೆ ಹೆಸರಾದದ್ದು. ನಾಯಂಡಹಳ್ಳಿ ಪ್ಲಾಸ್ಟಿಕ್ ಪುಡಿ ಮಾಡಿ, ತೊಳೆದು, ಕರಗಿಸಿ ಮತ್ತೆ ಕಾಳು ಮಾಡುವ ಸಣ್ಣ ಘಟಕಗಳಿಗೆ ಹೆಸರಾದದ್ದು. ಬೀದಿಯಲ್ಲಿ ಆಯುವವರ ಚೀಲದಿಂದ ಬಡಾವಣೆಯ ಗುಜರಿ ಅಂಗಡಿಗೆ, ಅಲ್ಲಿಂದ ಸಗಟಿನವನಿಗೆ, ಅಲ್ಲಿಂದ ಘಟಕಕ್ಕೆ. ಇದೂ ಒಂದು ತರಗುಪೇಟೆಯೇ. ಪ್ರತಿ ಮೆಟ್ಟಿಲಿನಲ್ಲೂ ಒಬ್ಬ ನಡುವಿನವನು, ಅವನ ಕೈಯಲ್ಲಿ ಒಂದು ಲೆಕ್ಕ.

ಈ ಸರಪಳಿಯ ಜೀವಾಳ ವಿಂಗಡಣೆ. ನುರಿತವರು ಡಬ್ಬಿಯನ್ನು ಬಗ್ಗಿಸಿ ನೋಡುತ್ತಾರೆ, ಬಡಿದು ಸದ್ದು ಕೇಳುತ್ತಾರೆ, ನೀರಿನಲ್ಲಿ ಹಾಕಿ ನೋಡುತ್ತಾರೆ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್‌ಗಳ ಸಾಂದ್ರತೆ ಒಂದಕ್ಕಿಂತ ಕಡಿಮೆ. ಆದ್ದರಿಂದ ಅವು ತೇಲುತ್ತವೆ. ನೀರಿನ ಬಾಟಲಿಯ ಪಿಇಟಿ ಸುಮಾರು 1.38, ಪಿವಿಸಿಯೂ ಹೆಚ್ಚುಕಡಿಮೆ ಅಷ್ಟೇ. ಇವೆರಡೂ ಮುಳುಗುತ್ತವೆ. ಮುಳುಗುವ ಇವೆರಡನ್ನು ಬೇರ್ಪಡಿಸುವುದು ಕಷ್ಟ, ಬೇರ್ಪಡಿಸದಿದ್ದರೆ ನಷ್ಟ. ಪಿಇಟಿ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಶಾಖಕ್ಕೆ ಮೊದಲೇ ಪಿವಿಸಿ ಕೊಳೆತು ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಅದು ಮಾಲನ್ನೂ ಕೆಡಿಸುತ್ತದೆ, ಯಂತ್ರವನ್ನೂ ತಿನ್ನುತ್ತದೆ. ಸೇರು ಹಾಲಿಗೆ ಹುಳಿ ಬಿದ್ದ ಹಾಗೆ. ಕೆಲವರು ಸಣ್ಣ ಚೂರನ್ನು ಸುಟ್ಟು ವಾಸನೆಯಿಂದ ಜಾತಿ ಗುರುತಿಸುತ್ತಾರೆ. ಪಾಲಿಥೀನ್ ಮೇಣದಬತ್ತಿಯಂತೆ, ಪಿವಿಸಿ ಮೂಗು ಕೊರೆಯುವಂತೆ. ದಿನವಿಡೀ ಈ ಪರೀಕ್ಷೆ ಮಾಡುವವರ ಶ್ವಾಸಕೋಶದ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುವುದನ್ನು ನೀವು ನೋಡಿರಬಹುದು. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮಗಳ ಸಂಘ ತಂದ ಗುರುತು ಇದು. 1 ಎಂದರೆ ಪಿಇಟಿ, 2 ಗಟ್ಟಿ ಪಾಲಿಥೀನ್, 3 ಪಿವಿಸಿ, 4 ಮೆತ್ತನೆಯ ಪಾಲಿಥೀನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಇತರೆ. ಬಾಣಗಳ ತ್ರಿಕೋನವನ್ನು 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ ಒಂದು ಸ್ಪರ್ಧೆಗಾಗಿ ಬರೆದಿದ್ದ. ಆ ಚಿತ್ರ ಕಂಡೊಡನೆ ಇದು ಮರುಬಳಕೆಗೆ ಹೋಗುವ ಮಾಲು ಎಂದು ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಅಂಕಿ ಹೇಳುವುದು ಇದು ಯಾವ ಪ್ಲಾಸ್ಟಿಕ್ ಎಂಬುದನ್ನು ಮಾತ್ರ. ಈ ಗೊಂದಲ ತಪ್ಪಿಸಲೆಂದೇ 2013ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಬಾಣಗಳನ್ನು ತೆಗೆದು ಬರೀ ತ್ರಿಕೋನ ಉಳಿಸಿತು. ಬಿಂದಿಗೆಯ ಮೇಲೆ ಕೆತ್ತಿದ ಹೆಸರು ಬಿಂದಿಗೆ ಯಾರದೆಂದು ಹೇಳುತ್ತಿತ್ತು. ತಳದ ಅಂಕಿ ಡಬ್ಬಿ ಯಾವ ಕುಲದ್ದೆಂದು ಹೇಳುತ್ತದೆ. ಎರಡೂ ಅಳಿಸದಂತೆ ಮೈಯಲ್ಲೇ ಇರಬೇಕು. ಅಂಟಿಸಿದ ಚೀಟಿ ಮೊದಲ ತೊಳೆತಕ್ಕೇ ಹೋಗುತ್ತದೆ.

ಅಚ್ಚಿನಲ್ಲೇ ಬರೆದ ಹಣೆಬರಹ

ಈಗ ಒಂದು ಆಧುನಿಕ ಊಟದ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳೋಣ. ಮೈ ಪಾಲಿಪ್ರೊಪಿಲೀನ್. ಮುಚ್ಚಳ ಗಾಜಿನಂತೆ ಹೊಳೆಯುವ ಬೇರೊಂದು ಪ್ಲಾಸ್ಟಿಕ್. ಅಂಚಿನಲ್ಲಿ ಸಿಲಿಕೋನ್ ಉಂಗುರ. ಚಿಲಕಕ್ಕೆ ಉಕ್ಕಿನ ಕಡ್ಡಿ. ಹೊರಗೆ ಗೋಂದು ಹಚ್ಚಿ ಅಂಟಿಸಿದ ಬಣ್ಣದ ಚಿತ್ರ. ಬಳಸುವಷ್ಟು ದಿನ ಇದು ಸೊಗಸು. ಬಿರುಕು ಬಿಟ್ಟ ದಿನ ಇದನ್ನು ಐದು ಭಾಗ ಮಾಡುವವರು ಯಾರು? ಆಯುವ ಹೆಂಗಸಿಗೆ ಅಷ್ಟು ಪುರುಸೊತ್ತಿಲ್ಲ. ಕಿಲೋ ಲೆಕ್ಕದಲ್ಲಿ ಅವಳಿಗೆ ಸಿಗುವ ಕಾಸು ಆ ಶ್ರಮಕ್ಕೆ ಸಾಲದು. ಹೀಗಾಗಿ ಒಳ್ಳೆಯ ಮಾಲಾಗಬಹುದಾಗಿದ್ದ ಡಬ್ಬಿ ಕಸದ ಗುಡ್ಡ ಸೇರುತ್ತದೆ. ಅದರ ಹಣೆಬರಹವನ್ನು ಬರೆದದ್ದು ಕಸದ ಬುಟ್ಟಿಯಲ್ಲ, ಅಚ್ಚು ಕಡೆದವನು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ದಿನ ಬೆಳಗಾದರೆ ನಮ್ಮ ಬೀದಿಗೇ ಬರುತ್ತದೆ. ಅದು ಹಾಲಿನ ಕ್ರೇಟು. ಗಟ್ಟಿ ಪಾಲಿಥೀನ್ ಒಂದರಿಂದಲೇ ಎರಕ ಹೊಯ್ದದ್ದು. ಒಂದರ ಮೇಲೊಂದು ಅಲುಗಾಡದೆ ಕೂರುತ್ತದೆ. ಡೈರಿಯ ಹೆಸರು ಮೈಮೇಲೇ ಉಬ್ಬಿಕೊಂಡಿರುತ್ತದೆ. ಲಾರಿಯಿಂದ ಎಸೆದರೂ, ಬಿಸಿಲಿನಲ್ಲಿ ಒಣಗಿದರೂ ವರ್ಷಗಟ್ಟಲೆ ಬಾಳುತ್ತದೆ. ಒಡೆದಾಗ ಇಡಿಯಾಗಿ ಪುಡಿ ಮಾಡಿ ಕರಗಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಾಲು ಇಳಿಸಿದ ಗಾಡಿ ಖಾಲಿ ಕ್ರೇಟು ಹೊತ್ತೇ ವಾಪಸು ಹೋಗುತ್ತದೆ. ಗೋಣಿಯ ಮೂರು ಗುಣಗಳೂ ಇದರಲ್ಲಿ ಬಂದಿವೆ.

ಹಾಗಾದರೆ ಒಳ್ಳೆಯ ಡಬ್ಬಿ ಹೇಗಿರಬೇಕು? ಮೈ, ಮುಚ್ಚಳ ಒಂದೇ ಪ್ಲಾಸ್ಟಿಕ್ಕಿನದಾಗಿರಬೇಕು. ಮುಚ್ಚಳ ತೆರೆದು ಮುಚ್ಚಲು ಉಕ್ಕಿನ ಕಡ್ಡಿ ಬೇಕಾಗಿಲ್ಲ. ಪಾಲಿಪ್ರೊಪಿಲೀನನ್ನು ತೆಳ್ಳಗೆ ಎರಕ ಹೊಯ್ದರೆ ಸಾವಿರಾರು ಸಲ ಮಡಚಿದರೂ ಮುರಿಯದ ಕೀಲು ತಾನಾಗಿಯೇ ಆಗುತ್ತದೆ. ಸೋರದಿರಲು ಉಂಗುರ ಬೇಕೇ ಬೇಕೆಂದಾದರೆ ಅದು ಬೆರಳಿನಿಂದ ಎಳೆದರೆ ಬರುವಂತಿರಬೇಕು. ಚಿತ್ರ ಬೇಕಾದರೆ ಅದೇ ಜಾತಿಯ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನೊಳಗೇ ಇಟ್ಟು ಎರಕ ಹೊಯ್ಯಬಹುದು. ಬಣ್ಣ ತಿಳಿಯಾಗಿದ್ದಷ್ಟೂ ಒಳ್ಳೆಯದು. ಬಿಳಿಯ ಮಾಲನ್ನು ಯಾವ ಬಣ್ಣಕ್ಕಾದರೂ ತಿರುಗಿಸಬಹುದು, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ದೊಡ್ಡ ದೇಶಗಳಲ್ಲಿ ವಿಂಗಡಿಸುವ ಯಂತ್ರಗಳ ಅವಕೆಂಪು ಕಣ್ಣಿಗೂ ಇದ್ದಿಲು ಪುಡಿಯ ಕಪ್ಪು ಕಾಣಿಸುವುದಿಲ್ಲ. ಅಗ್ಗವಾಗಲೆಂದು ಸೀಮೆಸುಣ್ಣದ ಪುಡಿಯನ್ನು ಹೆಚ್ಚಾಗಿ ಬೆರೆಸಿದರೆ ತೇಲಬೇಕಾದ ಪ್ಲಾಸ್ಟಿಕ್ ಮುಳುಗಿ, ವಿಂಗಡಿಸುವವನನ್ನು ದಾರಿ ತಪ್ಪಿಸುತ್ತದೆ.

ಮರುಬಳಕೆಯ ಮಾತು ಬಂದಾಗ ತೊಳೆಯುವುದನ್ನೂ ಯೋಚಿಸಬೇಕು. ಪಿಇಟಿ ಜಾಡಿ 70-80 ಡಿಗ್ರಿ ಶಾಖಕ್ಕೇ ಮೆತ್ತಗಾಗುತ್ತದೆ. ಅದಕ್ಕೆ ಬಿಸಿ ಸಾರು ಸುರಿದು ಸೊಟ್ಟಗಾದದ್ದನ್ನು ಎಷ್ಟೋ ಗೃಹಿಣಿಯರು ಕಂಡಿದ್ದಾರೆ. ಪಾಲಿಪ್ರೊಪಿಲೀನ್ ಕುದಿನೀರನ್ನೂ ತಡೆಯುತ್ತದೆ. ಒಳಗಿನ ಮೂಲೆಗಳು ದುಂಡಗಿದ್ದರೆ ಜಿಡ್ಡು ಕೂರುವುದಿಲ್ಲ. ಗೋಡೆ ದಪ್ಪಗಿದ್ದರೆ ಪ್ಲಾಸ್ಟಿಕ್ ಹೆಚ್ಚು ಬೇಕು, ನಿಜ. ಆದರೆ ಹತ್ತು ವರ್ಷ ಬಾಳುವ ದಪ್ಪ ಡಬ್ಬಿ ಹತ್ತು ತಿಂಗಳಿಗೆ ಸೀಳುವ ತೆಳು ಡಬ್ಬಿಗಿಂತ ಲೆಕ್ಕಕ್ಕೆ ಅಗ್ಗ. ಇನ್ನೊಂದು ಮಾತು. ಮುಚ್ಚಳ ಕಳೆದುಹೋದರೆ ಡಬ್ಬಿಯೂ ಹೋಯಿತು ಎನ್ನುವುದು ಎಲ್ಲ ಮನೆಗಳ ಗೋಳು. ಸೇರು ಎಲ್ಲರ ಮನೆಯಲ್ಲೂ ಸೇರಾಗಿದ್ದಂತೆ ಡಬ್ಬಿಗಳ ಬಾಯಿಗೂ ನಾಲ್ಕೈದು ಗೊತ್ತಾದ ಅಳತೆಗಳಿದ್ದರೆ ಒಂದರ ಮುಚ್ಚಳ ಇನ್ನೊಂದಕ್ಕೆ ಆದೀತು.

ಕಾಯಿದೆ ಮತ್ತು ಕೈಗಳು

ಇದೆಲ್ಲ ಕೇವಲ ಅಚ್ಚುಕಟ್ಟಿನ ಮಾತಲ್ಲ ಎಂಬುದನ್ನು ಬೆಂಗಳೂರು 2012ರಲ್ಲಿ ಕಠಿಣವಾಗಿ ಕಲಿಯಿತು. ಮಾವಳ್ಳಿಪುರದ ಕಸದ ಗುಡ್ಡೆ ಮುಚ್ಚಿದ ಮೇಲೆ ಬೀದಿ ಬೀದಿಗಳಲ್ಲಿ ಕಸ ರಾಶಿ ಬಿತ್ತು. ಮೂಲದಲ್ಲೇ ಕಸ ವಿಂಗಡಿಸಬೇಕೆಂದು ಹೈಕೋರ್ಟ್ ಹೇಳಬೇಕಾಯಿತು. ಮಂಡೂರಿನ ಜನರ ಹೋರಾಟದಿಂದ 2014ರ ಕೊನೆಯಲ್ಲಿ ಅಲ್ಲಿಗೆ ಕಸ ಸಾಗಿಸುವುದೂ ನಿಂತಿತು. ನಗರದವರು ಎಸೆದ ಡಬ್ಬಿಯ ಜೊತೆ ಬದುಕಬೇಕಾಗಿ ಬಂದದ್ದು ಆ ಡಬ್ಬಿಯನ್ನು ಒಂದು ದಿನವೂ ಬಳಸದ ಹಳ್ಳಿಯವರು.

ಕಾಯಿದೆಗಳೂ ಬಂದವು. 1987ರಲ್ಲೇ ಕೇಂದ್ರ ಸರ್ಕಾರ ಕೆಲವು ಸರಕುಗಳಿಗೆ ಸೆಣಬಿನ ಚೀಲವನ್ನು ಕಡ್ಡಾಯ ಮಾಡುವ ಕಾಯಿದೆ ತಂದಿತ್ತು. ಆದರೂ ನೇಯ್ದ ಪ್ಲಾಸ್ಟಿಕ್ ಚೀಲ ತರಗುಪೇಟೆಯ ಅಂಗಡಿಗಳಲ್ಲಿ ತನ್ನ ಜಾಗ ಮಾಡಿಕೊಂಡಿತು. 1999ರ ನಿಯಮಗಳು ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಚೀಲ, ಡಬ್ಬಿಗಳಲ್ಲಿ ತಿನ್ನುವ ಪದಾರ್ಥ ಇಡಬಾರದೆಂದವು. ಹಿಂದೆ ಅದರಲ್ಲಿ ಏನಿತ್ತೋ ಯಾರಿಗೆ ಗೊತ್ತು ಎಂಬ ಭಯ ಇದರ ಹಿಂದಿತ್ತು. ಹೀಗಾಗಿ ಹಳೇ ಡಬ್ಬಿ ಮತ್ತೆ ಡಬ್ಬಿಯಾಗದೆ ಬಕೆಟ್ಟೋ ಪೈಪೋ ಆಗಿ, ಒಂದೊಂದು ಸುತ್ತಿಗೂ ಒಂದೊಂದು ಮೆಟ್ಟಿಲು ಇಳಿಯುತ್ತ ಹೋಯಿತು. 2021-22ರಲ್ಲಿ ಪಿಇಟಿಯಂಥ ಮಾಲನ್ನು ನಿಗದಿತ ಶುದ್ಧೀಕರಣಕ್ಕೆ ಒಳಪಡಿಸಿ ಆಹಾರದ ಪಾತ್ರೆಗೂ ಬಳಸಲು ದಾರಿ ತೆರೆಯಿತು. ಕರ್ನಾಟಕ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು 2022ರ ಫೆಬ್ರುವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ. ಡಬ್ಬಿ ಮಾಡಿ ಮಾರುವವರೇ ಅದರ ಕೊನೆಯ ಹೊಣೆಯನ್ನೂ ಹೊರಬೇಕು ಎಂಬ ತತ್ವವನ್ನು ಅದು ವಿವರವಾಗಿ ಬರೆಯಿತು. 4.9 ಲೀಟರ್ ಅಥವಾ ಅದಕ್ಕಿಂತ ದೊಡ್ಡ ಗಟ್ಟಿ ಪಾತ್ರೆಗಳಲ್ಲಿ 2025-26ರ ಹೊತ್ತಿಗೆ ಶೇಕಡ 70ರಷ್ಟು ಮರುಬಳಕೆಯಾಗಬೇಕು ಎಂಬ ಗುರಿಯನ್ನು ಅದರಲ್ಲಿ ಇಡಲಾಯಿತು. ಅದಕ್ಕಿಂತ ಚಿಕ್ಕದಾದ, ಆದರೆ 0.9 ಲೀಟರಿಗೆ ಕಡಿಮೆಯಿಲ್ಲದವಕ್ಕೆ ಗುರಿ ಶೇಕಡ 10 ಮಾತ್ರ. ದೊಡ್ಡ ಪಾತ್ರೆಗೆ ಈ ಗುರಿ ಕಷ್ಟವಲ್ಲ ಎಂಬುದಕ್ಕೆ ಬೆಂಗಳೂರಿನ ಮನೆಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನೇ ಸಾಕ್ಷಿ. ಮುಂಗಡ ಕಟ್ಟಿ ಕ್ಯಾನು ಪಡೆಯುತ್ತೇವೆ, ಖಾಲಿ ಕೊಟ್ಟು ತುಂಬಿದ್ದನ್ನು ಪಡೆಯುತ್ತೇವೆ. ಗಾಜಿನ ಸೋಡಾ ಬಾಟಲಿಯ ಕಾಲದಿಂದಲೂ ಇದು ನಮಗೆ ಗೊತ್ತಿರುವ ಲೆಕ್ಕವೇ.

ಆದರೆ ಕಾಯಿದೆ ಕಾಗದದ ಮೇಲಿರುತ್ತದೆ, ಡಬ್ಬಿ ಕೈಗಳ ಮೇಲೆ ನಡೆಯುತ್ತದೆ. ಬೆಂಗಳೂರಿನ ಕಸ ಆಯುವವರಿಗೆ 2011ರಿಂದ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಗುರುತಿನ ಚೀಟಿ ಕೊಡತೊಡಗಿತು. 'ಹಸಿರು ದಳ'ದಂಥ ಸಂಘಟನೆಗಳು ಅವರನ್ನು ಒಟ್ಟುಗೂಡಿಸಿ, ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸುವಂತೆ ಮಾಡಿದವು. ನೂರಾರು ವರ್ಷ ಹೆಸರಿಲ್ಲದೆ ನಡೆದ ಕಸುಬಿಗೆ ಒಂದು ಹೆಸರು ಬಂದಂತಾಯಿತು. ಅವರ ದಿನದ ಕೂಲಿ ನಿಂತಿರುವುದು ಚೀಲದೊಳಗಿನ ಮಾಲಿನ ಜಾತಿಯ ಮೇಲೆ. ಒಂದೇ ವಸ್ತುವಿನ, ತಿಳಿ ಬಣ್ಣದ, ಗುರುತು ಉಳ್ಳ ಡಬ್ಬಿ ಹೆಚ್ಚು ಬಂದಷ್ಟೂ ಅವರಿಗೆ ಕಾಸು ಹೆಚ್ಚು, ಹೊಗೆ ಕಡಿಮೆ. ಡಬ್ಬಿಯ ವಿನ್ಯಾಸ ಯಾರದೋ ಹವಾನಿಯಂತ್ರಿತ ಕೋಣೆಯಲ್ಲಿ ಆಗುತ್ತದೆ. ಅದರ ಪರೀಕ್ಷೆ ನಾಯಂಡಹಳ್ಳಿಯ ತೊಟ್ಟಿಯ ಮುಂದೆ ಕುಳಿತ ಹೆಂಗಸಿನ ಕೈಯಲ್ಲಿ ಆಗುತ್ತದೆ. ಅಚ್ಚು ಕಡೆಯುವ ಮೊದಲು ಒಮ್ಮೆ ಅವಳನ್ನು ಕೇಳುವ ಪದ್ಧತಿ ಇನ್ನೂ ಬಂದಿಲ್ಲ.

ಕೊಳ್ಳುವವರಾದ ನಾವೂ ಅಂಗಡಿಯಲ್ಲಿ ನಿಂತಾಗ ಎರಡು ಕೆಲಸ ಮಾಡಬಹುದು. ಡಬ್ಬಿಯನ್ನು ಮಗುಚಿ ತಳದ ಅಂಕಿ ನೋಡುವುದು ಒಂದು. ಮುಚ್ಚಳವನ್ನೂ ಮಗುಚಿ ಅಲ್ಲಿಯೂ ಅದೇ ಅಂಕಿ ಇದೆಯೇ ಎಂದು ನೋಡುವುದು ಇನ್ನೊಂದು. ಹಿಂದೆ ಪಾತ್ರೆ ಅಂಗಡಿಯಲ್ಲಿ ಬಿಂದಿಗೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ ಕೊಳ್ಳುತ್ತಿದ್ದ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದೂ ಇದನ್ನೇ.

ತರಗುಪೇಟೆಯಲ್ಲಿ ಸಂಜೆಯಾಗುತ್ತಿದ್ದಂತೆ ಅಂಗಡಿಗಳ ಮುಂದೆ ಖಾಲಿ ಚೀಲಗಳನ್ನು ಕೊಡವಿ, ಮಡಚಿ, ಹತ್ತತ್ತರ ಕಟ್ಟು ಮಾಡಿ ಇಡುತ್ತಾರೆ. ಬೆಳಿಗ್ಗೆ ತುಂಬಿ ಬಂದವು ಸಂಜೆ ಬರಿದಾಗಿ ಹೊರಡುತ್ತವೆ, ಮತ್ತೆ ತುಂಬಿ ಬರಲು.